ಅಂತೋಣಿ ಮಾಸ್ಟ್ರು ಒರೆಸಿದ ಗಿಟಾರ್

ಆ ಗಿಟಾರಿನ ಮೈ ಕೆಡಿಸಿದ್ದು ನಾನು. ಭದ್ರಾವತಿಯ ಅಂತೋಣಿ ಮಾಸ್ಟ್ರಲ್ಲ. ಇಷ್ಟು ಹೇಳಲು ನನಗೆ ವರ್ಷಗಳೇ ಹಿಡಿದವು—ಹೇಳಬಹುದಾಗಿದ್ದ ದಿನಗಳು ಎಷ್ಟೋ ಬಂದು ಹೋದವು, ನಾನು ಬಾಯಿ ಬಿಡಲಿಲ್ಲ.

ಗಿಟಾರ್ ನನ್ನ ಗಂಡ ಪ್ರಕಾಶರದು. ಅವರು ಶಿವಮೊಗ್ಗದಲ್ಲಿ ಹೈಸ್ಕೂಲ್ ಮೇಷ್ಟ್ರು. ವಿನೋಬನಗರದ ನಮ್ಮ ಮನೆಯ ಮೂಲೆಯಲ್ಲಿ ಅದು ಧೂಳು ಹಿಡಿದು ಬಿದ್ದಿತ್ತು. ಒಮ್ಮೆ ಇದ್ದಕ್ಕಿದ್ದಂತೆ, ಪ್ರತಿ ಭಾನುವಾರ ಅದನ್ನು ಹೆಗಲಿಗೆ ಹಾಕಿಕೊಂಡು ಭದ್ರಾವತಿಗೆ ಹೋಗತೊಡಗಿದರು. ಹಳೇ ಸ್ನೇಹಿತರು ಸೇರುತ್ತೇವೆ ಎಂದರು. ಹೋಗಲಿ ಅಂದುಕೊಂಡೆ. ಆದರೆ ಮರಳಿ ಬರುವಾಗ ಗಿಟಾರ್ ಹೊಳೆಯುತ್ತಿತ್ತು. ತಂತಿಯ ಕೆಳಗಿನ ಮರಕ್ಕೆ ನಿಂಬೆಯ ವಾಸನೆಯ ಎಣ್ಣೆ. ಚೀಲದಲ್ಲಿ ಮಡಿಸಿಟ್ಟ ಹಳದಿ ಬಟ್ಟೆ—ಅದರ ಅಂಚಿಗೆ ಸಣ್ಣ ಕೈಹೊಲಿಗೆ.

"ಯಾರು ಒರೆಸಿದ್ದು ಇದನ್ನ?" ಎಂದು ಕೇಳಿದೆ.

"ನಾನೇ ಮಾರಾಯ್ತಿ. ಇನ್ಯಾರು ಒರೆಸ್ತಾರೆ?"

ತಾನು ಕುಡಿದ ಲೋಟವನ್ನು ತೊಳೆಯದ ಮನುಷ್ಯ! ಹೇಳುವಾಗ ನನ್ನ ಮುಖ ನೋಡಲಿಲ್ಲ. ಆ ಹೊಲಿಗೆ ಹೆಣ್ಣಿನ ಕೈಯದು ಎಂದು ನನಗೆ ಕಂಡಿತು—ಅಷ್ಟೇ ಸಾಕಾಯಿತು. ಆಮೇಲೆ ಅವರ ಅಂಗಿ ಮೂಸಿದೆ. ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡಿದೆ. ಏನೂ ಸಿಗಲಿಲ್ಲ. ಏನೂ ಸಿಗದಿದ್ದುದೇ ನನಗೆ ಸಾಕ್ಷಿಯಾಯಿತು—ಎಷ್ಟು ಜಾಣತನದಿಂದ ಮುಚ್ಚಿಡುತ್ತಿದ್ದಾರೆ ಎಂದು.

ಒಂದು ಮಧ್ಯಾಹ್ನ ಅವರು ಶಾಲೆಯಲ್ಲಿದ್ದಾಗ ಚೀಲ ಬಿಚ್ಚಿದೆ. ಹತ್ತಿಗೆ ನೇಲ್ ಪಾಲಿಶ್ ತೆಗೆಯುವ ದ್ರವ ಸುರಿದು ಗಿಟಾರಿನ ಮುಂಭಾಗವನ್ನು ಉಜ್ಜಿದೆ. ಸ್ವಚ್ಛ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಹೆಂಗಸಿನ ಕೈ ಆಡಿದ ಜಾಗವನ್ನು ಅಳಿಸಬೇಕಿತ್ತು ನನಗೆ. ಮೆರುಗು ಕರಗಿ ಅಂಟಂಟಾಯಿತು, ಹತ್ತಿಯ ಎಳೆಗಳು ಅದಕ್ಕೇ ಹಿಡಿದುಕೊಂಡವು. ಹೆದರಿಕೆಯಾಯಿತು. ಆದರೂ—ಒಳಗೆಲ್ಲೋ ಒಂದಿಷ್ಟು ಸಮಾಧಾನವೂ ಆಗಿತ್ತು.

ಉತ್ತರಪತ್ರಿಕೆ ತಿದ್ದುವ ಗಡಿಬಿಡಿಯಲ್ಲಿ ಅವರು ಆ ವಾರ ಚೀಲ ಮುಟ್ಟಿರಲಿಲ್ಲ. ಶನಿವಾರ ಬಿಚ್ಚಿದವರು ಹಾಗೇ ಕೂತುಬಿಟ್ಟರು. "ಇದೇನಾಯ್ತು?"

ನಾನು ಅಡುಗೆಮನೆಯಿಂದಲೇ ಹೇಳಿದೆ: "ಭದ್ರಾವತಿಯಿಂದ ಬಂದಾಗ್ಲೇ ಹಂಗಿತ್ತು. ಒರೆಸಿದವರನ್ನೇ ಕೇಳಿ."

ಕೇಳಿದರು. ಮರುದಿನ ಸಂಜೆ ಬಂದು ನನ್ನೆದುರು ಎಲ್ಲ ಹೇಳಿದರು. ಒರೆಸುತ್ತಿದ್ದುದು ಅಂತೋಣಿ ಮಾಸ್ಟ್ರು—ಕಾರ್ಖಾನೆಯಿಂದ ನಿವೃತ್ತರಾದ, ಇವರು ಹುಡುಗನಾಗಿದ್ದಾಗ ಇವರಿಗೆ ಗಿಟಾರ್ ಕಲಿಸಿದ ಹಿರಿಯರು. ಈಗ ಅವರ ಕೈ ನಡುಗುತ್ತದೆ, ಬೆರಳು ತಂತಿಯ ಮೇಲೆ ನಿಲ್ಲುವುದಿಲ್ಲ. ನುಡಿಸಲಾರದವರು ಶಿಷ್ಯನ ಗಿಟಾರನ್ನಾದರೂ ಒರೆಸಿ ಕೊಡುತ್ತಿದ್ದರು. ಮೊದಲು ತಮ್ಮ ಕೈ ತೊಳೆದುಕೊಂಡು, ಒಣಬಟ್ಟೆಯಲ್ಲಿ ಮೆಲ್ಲಗೆ. ಕಲೆಯಿದ್ದರೆ ಬಾಯಿಯ ಹಬೆ ಹಾಯಿಸಿ ಒರೆಸುವುದು. ಎಣ್ಣೆ ತಂತಿಯ ಕೆಳಗಿನ ಮರಕ್ಕೆ ಮಾತ್ರ, ಅದೂ ಒಂದೇ ಹನಿ. ಮಕ್ಕಳಿಗೆ ಬಾಯಿಮಾತಿನಲ್ಲೇ ಹೇಳಿಕೊಡುತ್ತಿದ್ದರು. ಕೈ ನಡುಗುವ ಸುದ್ದಿ ಹಬ್ಬಿದರೆ ಆ ಮಕ್ಕಳು ಬರುವುದೇ ನಿಂತುಬಿಡುತ್ತದೆಂದು, ಯಾರಿಗೂ ಹೇಳಬೇಡ ಎಂದು ಇವರಿಂದ ಮಾತು ತೆಗೆದುಕೊಂಡಿದ್ದರು. ಹಳದಿ ಬಟ್ಟೆಯ ಅಂಚು ಹೊಲಿದವಳು ಅವರ ಸೊಸೆ.

"ಅವರು ವಾದ ಮಾಡ್ಲಿಲ್ಲ," ಎಂದರು ಪ್ರಕಾಶ್. "ನನ್ನ ಕಣ್ಣಿಗೆ ಬಾಟ್ಲಿ ತಪ್ಪಿರ್ಬೇಕು, ಎಣ್ಣೆ ಅಂತ ಇನ್ನೇನೋ ಹಚ್ಚಿರ್ಬೇಕು, ಕ್ಷಮಿಸು ಅಂದ್ರು. ಇನ್ಮೇಲೆ ಯಾರ ಗಿಟಾರೂ ಮುಟ್ಟಲ್ವಂತೆ."

ಆಗಲೇ ಹೇಳಬೇಕಿತ್ತು. ನಾನು ಕಾಫಿಗೆ ನೀರಿಟ್ಟೆ.

ಕಳೆದ ತಿಂಗಳು ಭದ್ರಾವತಿಯಲ್ಲಿ, ಮಾಸ್ಟ್ರ ಮೊಮ್ಮಗಳ ನಾಮಕರಣದ ಊಟಕ್ಕೆ ಹೋಗಿದ್ದೆವು. ಮಾಸ್ಟ್ರು ಮಾತ್ರೆಯ ಸ್ಟ್ರಿಪ್ ಹಿಡಿದು, ಇದೇ ತಾನೆ ಎಂದು ಸೊಸೆಗೆ ತೋರಿಸಿದರು. ಅವಳು ಸರಿಯಿದೆ ಎಂದಳು. ಮತ್ತೆ ತೋರಿಸಿದರು.

"ಆ ಗಿಟಾರ್ ಹಾಳಾದಾಗಿಂದ ಹಿಂಗೇ ಅಕ್ಕ," ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದಳು. "ಗ್ಯಾಸ್ ಹಚ್ಚಲ್ಲ, ಒಬ್ಬರೇ ರಸ್ತೆ ದಾಟಲ್ಲ. ಮಕ್ಕಳಿಗೆ ಕಲಿಸೋದೂ ಬಿಟ್ರು. ಕಣ್ಣು ಚೆನ್ನಾಗಿದೆ ಅಂತ ಡಾಕ್ಟ್ರು ಹೇಳಿದ್ರೂ ನಂಬಲ್ಲ."

ನಾನು ಗಂಡನ ಮೇಲೆ ಹೊರಿಸಲು ಹೊರಟ ಅನುಮಾನವನ್ನು ಈ ಮನುಷ್ಯ ತನ್ನ ಮೇಲೇ ಹೊತ್ತು ತಿರುಗುತ್ತಿದ್ದರು. ಎದ್ದು ಹೋಗಿ ಅವರೆದುರು ನಿಂತೆ. ಪ್ರಕಾಶರೂ ಪಕ್ಕದಲ್ಲಿದ್ದರು. ಎಲ್ಲವನ್ನೂ ಹೇಳಿದೆ.

ಮಾಸ್ಟ್ರು ನನ್ನ ಕಡೆ ತಿರುಗಿದರು. "ಹಂಗಾದ್ರೆ ಅವತ್ತು ನಂಗೆ ಬಾಟ್ಲಿ ಸರಿಯಾಗೇ ಕಂಡಿತ್ತಾ?" ಎಂದರು. "ಹೌದು" ಎಂದೆ. ಬೈಯಲಿಲ್ಲ. ವಾಪಸ್ ಬರುವಾಗ ಪ್ರಕಾಶ್ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರು. ಈಗ ಮನೆಯಲ್ಲಿ ನಾನು ಬೀರು ತೆಗೆದರೂ ತಲೆಯೆತ್ತಿ ನೋಡುತ್ತಾರೆ. ನೋಡಲಿ.

ಮೊನ್ನೆ ಭಾನುವಾರ ಗಿಟಾರ್ ಹಿಡಿದು ಇಬ್ಬರೂ ಹೋದೆವು. ಮಾಸ್ಟ್ರು ಕೈ ತೊಳೆದು ಬಂದರು. ಎಣ್ಣೆಯ ಬಾಟಲಿ ತೆಗೆದು ಬೆಳಕಿಗೆ ಹಿಡಿದು ಅದರ ಚೀಟಿ ಓದಿದರು, ಮೂಸಿದರು, ಮತ್ತೆ ಓದಿದರು. ಆಮೇಲೆ ಅದನ್ನು ನನ್ನ ಕಡೆ ಚಾಚಿದರು.

"ನೀನೇ ನೋಡಮ್ಮ, ಇದು ಎಣ್ಣೇನೇ ತಾನೆ?"

ಓದಿ, ಹೌದು ಎಂದೆ. ಅವರು ತಲೆಯಾಡಿಸಿದರು, ಬಾಟಲಿ ತೆಗೆದುಕೊಂಡು ಹೋಗಿ, ಒಳಗಿದ್ದ ಸೊಸೆಗೆ ತೋರಿಸಿದರು.