ತೆಂಗಿಜನ ಕೊಂಬು

ವೈನಿಗೆ ಹೆಸರಾದ ಕಾಖೇತಿ ಸೀಮೆಯ ಒಂದೂರಿನ ಔತಣಗಳಿಗೆಲ್ಲ, ಹಾರೈಕೆ ಹೇಳಿ ಕುಡಿಸುವ ಮುಂದಾಳು ತೆಂಗಿಜನೇ. "ನಂಗೆಲ್ಲಿ ಚಟ?" ಎನ್ನುತ್ತ ಹತ್ತು ವರ್ಷ, "ನಾಳೆ ಬಿಡ್ತೀನಿ" ಎನ್ನುತ್ತ ಐದು ವರ್ಷ ಕುಡಿದ, ಎರಡು ಸಲ ಬಿಟ್ಟು ಎರಡು ಸಲವೂ ಜಾರಿದ. ಮೂರನೆಯ ಸಲ ಬಿಟ್ಟು ಹನ್ನೊಂದು ತಿಂಗಳಾಗಿತ್ತು.

ಮಗಳ ಮದುವೆಯಲ್ಲಿ ದಾಳಿಂಬೆ ರಸ ತುಂಬಿಸಿದ್ದ ಕುಡಿಯುವ ಕೊಂಬು ಹಿಡಿದು ಹಾರೈಸಲು ಎದ್ದರೆ, ಮೂಗಿಗೆ ವೈನಿನ ವಾಸನೆ ಬಡಿಯಿತು! ಕೊಂಬು ಬದಲಿಸಿದ್ದ ಭಾವಮೈದ ಜುರಾಬ್ ಕಿಸಕ್ಕನೆ ನಕ್ಕ.

"ಕುಡೀರಿ ಭಾವ, ಇವತ್ತೊಂದಿನ! ತುಂಬಿದ ಕೊಂಬು ಕೆಳಗಿಡೋ ಹಾಗಿಲ್ಲ."

ತೆಂಗಿಜನ ಬಾಯಲ್ಲಿ ನೀರೂರಿತು. ಆದರೆ ಹಾರೈಕೆಯ ಸರದಿಯನ್ನು ಬೇಕಾದವರಿಗೆ ದಾಟಿಸುವ ಹಕ್ಕು ಮುಂದಾಳಿನದೇ.

"ಅಲಾವೆರ್ದಿ, ಜುರಾಬ್!" ಎಂದು ಗುಡುಗಿ ಕೊಂಬನ್ನು ಅವನ ಕೈಗೇ ತುರುಕಿದ. "ಸರದಿ ನಿಂದು. ಒಂದು ಹನೀನೂ ಉಳಿಸ್ಬೇಡ ಮಾರಾಯ!"

ಚಪ್ಪರವೆಲ್ಲ ಹೋ ಎಂದಿತು. ತೆಂಗಿಜ್ ಹೆಂಡತಿಯ ಕಡೆ ಕೈಚಾಚಿದ.

"ರಸ ತಾರೇ ಎತೇರಿ! ಇನ್ನೂ ಇಪ್ಪತ್ತು ಹಾರೈಕೆ ಬಾಕಿ ಇವೆ!"