ಮುಚ್ಚಳದ ನೀರು

ಬೇಸಿಗೆಯ ಸುಖಗಳ ಬಗ್ಗೆ ಯಾರಾದರೂ ಬಾಯಿ ಚಪ್ಪರಿಸಿ ಮಾತಾಡಿದರೆ ಈಗ ನನಗೆ ಸಿಟ್ಟು ಬರುತ್ತದೆ. ಮಲ್ಲಿಗೆ, ಮಾವಿನಹಣ್ಣು, ಮಾಳಿಗೆಯ ಮೇಲಿನ ನಿದ್ದೆ, ಮಡಕೆಯ ತಣ್ಣೀರು. ಇವೆಲ್ಲ ಬಳ್ಳಾರಿಯ ನಮ್ಮ ಮನೆಯಲ್ಲೂ ಇವೆ. ಹಿತ್ತಲಿನ ಮಲ್ಲಿಗೆ ಈ ವರ್ಷವೂ ನಾಚಿಕೆಯಿಲ್ಲದೆ ಹೂಬಿಟ್ಟಿದೆ. ಅದಕ್ಕೆ ನೀರು ಹಾಕುತ್ತೇನೆ, ಹೂವು ಮಾತ್ರ ಕೀಳುವುದಿಲ್ಲ.

ಹೋದ ಬೇಸಿಗೆ ಆ ಹಿತ್ತಲು ನನ್ನ ಅಕ್ಕನದಾಗಿತ್ತು. ಅವಳನ್ನು ಸಿರುಗುಪ್ಪ ತಾಲೂಕಿನ ಕರೂರಿಗೆ ಕೊಟ್ಟಿತ್ತು. ಅಲ್ಲಿರುವಾಗಲೇ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು, ಅಷ್ಟು ದೂರದಿಂದ ಬಸ್ಸಿನಲ್ಲಿ ಓಡಾಡುವುದು ಆಗದ ಮಾತು ಎಂದು ನಮ್ಮ ಮನೆಗೇ ಬಂದಳು. ಭಾವ ಗದ್ದೆ ನೋಡಿಕೊಳ್ಳುತ್ತ, ಬಿಡುವಾದಾಗ ಬಂದು ಹೋಗುತ್ತಿದ್ದರು. ಅವ್ವ ಮೊದಲಿನಿಂದಲೂ ನನ್ನ ಜೊತೆಯೇ ಇದ್ದಳು.

ಸೂಜಿಗೆ, ಯಂತ್ರಕ್ಕೆ ಅಕ್ಕ ಹೆದರಲಿಲ್ಲ. ಅವಳನ್ನು ಹಿಂಡಿದ್ದು ಬಾಯಾರಿಕೆ. ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಂತು ಎದೆಗೆ ಭಾರವಾಗುತ್ತದೆ, ಹಾಗಾಗಿ ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರ್ ದಾಟಬಾರದು ಎಂದು ಡಾಕ್ಟರು ಹೇಳಿದ್ದರು. ಅದೂ ಬಳ್ಳಾರಿಯ ಮೇ ತಿಂಗಳಲ್ಲಿ! ದಿನವಿಡೀ ಕಲ್ಲುಗುಡ್ಡ ಕಾದು, ಸಂಜೆಯಾದರೂ ಗೋಡೆ ಮುಟ್ಟಿದರೆ ಕೈ ಚುರ್ ಎನ್ನುವ ಊರಿನಲ್ಲಿ. ಅವಳ ಪಾಲಿನ ಬಾಟಲಿಯ ಕಾವಲು ನನ್ನ ತಲೆಗೆ ಬಂತು. ಅದರ ಮುಚ್ಚಳವೇ ನಮ್ಮ ಅಳತೆ. ಅಕ್ಕ ಕೇಳಿದಾಗ ಒಂದು ಮುಚ್ಚಳ ನೀರು ಕೊಡುತ್ತಿದ್ದೆ. ಅವಳು ಅದನ್ನು ತಕ್ಷಣ ನುಂಗದೆ ನಾಲಿಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು.

"ಇನ್ನೊಂದು ಮುಚ್ಚಳ ಹಾಕು, ತಂಗಿ."

"ಸಂಜಿಗೆ ಬೇಕಲ್ಲಕ್ಕಾ."

"ಜೇಲಿನಾಗ ಸೈತ ಚರಿಗಿ ತುಂಬ ನೀರು ಕೊಡ್ತಾರ," ಎಂದು ನಗುತ್ತಿದ್ದಳು. ನಕ್ಕರೆ ತುಟಿ ಒಡೆದು ರಕ್ತ ಜಿನುಗುತ್ತಿತ್ತು.

ನನಗೆ ನೀರು ಕುಡಿಸಿ ಬೆಳೆಸಿದವಳು ಇವಳೇ. ಚಿಕ್ಕವರಿದ್ದಾಗ ಬೇಸಿಗೆ ರಜೆಯೆಂದರೆ ಹಗರಿ ಹೊಳೆಯ ಒಣ ಮರಳಿನಲ್ಲಿ ಆಟ. ಬಾಯಾರಿದರೆ ಮನೆಗೆ ಓಡುವವರು ಯಾರು? ಅಕ್ಕ ಮೊಣಕೈ ಮುಳುಗುವಷ್ಟು ಮರಳು ತೋಡುವಳು. ಮೊದಲು ಬಂದ ರಾಡಿಯನ್ನು ಬೊಗಸೆಯಲ್ಲಿ ಎತ್ತಿ ಚೆಲ್ಲುವಳು. ಒರತೆ ತಿಳಿಯಾಗುವತನಕ ಕಾದು, ನನ್ನನ್ನು ಬೋರಲು ಮಲಗಿಸಿ, "ಮದ್ಲು ನೀ ಕುಡಿ" ಎನ್ನುವಳು. ನಾನು ಹೊಟ್ಟೆ ಬಿರಿಯುವಂತೆ ಕುಡಿದೆದ್ದ ಮೇಲೆ ಅವಳ ಸರದಿ. ಅಂಥವಳಿಗೆ ನಾನು ಮುಚ್ಚಳದಲ್ಲಿ ಅಳೆದು ಕೊಡಬೇಕಾಯಿತು. ಎಂಥ ಕರ್ಮವೋ ಏನೋ.

ನಮ್ಮ ಕಡೆ ಬಿಸಿಲಿನಿಂದ ಬಂದವರಿಗೆ ಮೊದಲು ಚರಿಗೆ ನೀರು, ಆಮೇಲೆ ಮಾತು. ಆ ಕೆಲಸವನ್ನು ಅಕ್ಕ ತಾನೇ ವಹಿಸಿಕೊಂಡಳು. ಅವಳನ್ನು ನೋಡಲು ಬಂದವರಿಗೆ ಅವಳ ಮುಂದೆಯೇ ಕುಡಿಯಲು ಸಂಕೋಚ. "ಕುಡೀರಿ, ನಾಚ್ಕೋಬ್ಯಾಡ್ರಿ. ನೀವು ಕುಡಿದ್ರ ನನಗೂ ತಣ್ಣಗಾಗತೈತಿ," ಎಂದು ಒತ್ತಾಯ ಮಾಡುತ್ತಿದ್ದಳು. ಅವರು ಚರಿಗೆ ಎತ್ತಿ ಗಟಗಟ ಕುಡಿಯುವಾಗ ಅವರ ಗಂಟಲನ್ನೇ ನೋಡುತ್ತಿದ್ದಳು. ಅವರ ಗಂಟಲು ಏರಿಳಿದಂತೆ ಅವಳ ಗಂಟಲೂ ಅಲುಗುತ್ತಿತ್ತು. ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಸಂಜೆ ಹಿತ್ತಲಿನ ಗಿಡಗಳಿಗೆ ನೀರು ಹಾಕುವವಳೂ ಅವಳೇ. ನಲ್ಲಿಗೆ ನೀರು ಬರುವುದೇ ಅಪರೂಪ, ಡ್ರಮ್ಮಿನಲ್ಲಿ ಹಿಡಿದಿಟ್ಟದ್ದನ್ನು ಜೋಪಾನ ಮಾಡಬೇಕು. ಆದರೂ ಅವಳು ಮಲ್ಲಿಗೆಗೆ ಒಂದು ತಂಬಿಗೆ ಹೆಚ್ಚೇ ಸುರಿಯುತ್ತಿದ್ದಳು. ಅಲ್ಲೇ ನೆಲಕ್ಕೆ ನೀರು ಚಿಮುಕಿಸಿ ಬೇವಿನ ಗಿಡದ ಕೆಳಗೆ ಚಾಪೆ ಹಾಸಿದರೆ ಕಾದ ಮಣ್ಣಿನ ವಾಸನೆ ಏಳುತ್ತಿತ್ತು. "ಮೂಗಿಲೆ ಕುಡೀತೀನಿ ನೋಡು. ಇದಕ್ಕ ನಿಮ್ಮ ಡಾಕ್ಟರ್ ಏನಂತಾನ?" ಎನ್ನುತ್ತಿದ್ದಳು. ಅವ್ವ, ಅಕ್ಕ, ನಾನು ಅಲ್ಲಿ ಕೂತು ಮೊಗ್ಗು ಕಟ್ಟುತ್ತಿದ್ದೆವು. ಸುಳ್ಳು ಯಾಕೆ, ಆ ಹೊತ್ತಿನಲ್ಲಿ ನಾವು ಸುಖವಾಗಿಯೇ ಇದ್ದೆವು.

ಒಂದು ಸಂಜೆ ಅಕ್ಕ, "ಆಸ್ಪತ್ರಿ, ಮನಿ, ಆಸ್ಪತ್ರಿ. ಒಂದ್ ದಿನರ ಬ್ಯಾಸಗಿ ಬ್ಯಾಸಗಿ ಹಂಗ ಕಳೀಬೇಕಲೇ," ಎಂದಳು. ಕುರುಗೋಡು ತಾಲೂಕಿನ ಬಾದನಹಟ್ಟಿಯಲ್ಲಿ ಚಿಕ್ಕಮ್ಮನ, ಅಂದರೆ ಅವ್ವನ ತಂಗಿಯ, ತೋಟವಿದೆ. ಭಾನುವಾರ ಕಾರು ಮಾಡಿಕೊಂಡು ಮೂವರೂ ಹೋದೆವು.

ಅಂದು ಅಕ್ಕ ಪಂಪ್‌ಸೆಟ್ಟಿನ ತೊಟ್ಟಿಯ ಅಂಚಿಗೆ ಕೂತು, ಸೀರೆ ಎತ್ತಿಕೊಂಡು, ಕಾಲು ನೀರಿನಲ್ಲಿ ಇಳಿಬಿಟ್ಟಳು. ಬಾತ ಪಾದಗಳನ್ನು ಆಡಿಸುತ್ತ ನನಗೆ ನೀರು ಎರಚಿದಳು. ಮಾವಿನ ಗಿಡದ ನೆರಳಿನಲ್ಲಿ ಚಿಕ್ಕಮ್ಮ ಮಂಡಕ್ಕಿ ಒಗ್ಗರಣೆ ಮಾಡಿ, ಮಿರ್ಚಿ ಕರಿದು, ಕಲ್ಲಂಗಡಿ ಕೊಯ್ದಳು. "ನೀವು ತಿನ್ರಿ, ನಾ ನೋಡ್ತೀನಿ," ಎಂದು ಅಕ್ಕ ಯಜಮಾನಿಯಂತೆ ಕೂತಳು.

ನೀರು ಕೊಡಬೇಡ, ಎಳೆನೀರಂತೂ ಅವಳಿಗೆ ವಿಷ ಎಂದು ಚಿಕ್ಕಮ್ಮನಿಗೆ ಫೋನಿನಲ್ಲೂ ಹೇಳಿದ್ದೆ, ಹೋದ ಮೇಲೂ ಹೇಳಿದ್ದೆ. ಅವಳು ತಲೆ ಆಡಿಸಿದ್ದಳು. ನಾನು ಬಾಟಲಿ ತರಲು ಕಾರಿನ ಹತ್ತಿರ ಹೋಗಿ ಬರುವಷ್ಟರಲ್ಲಿ ಅಕ್ಕನ ತೊಡೆಯ ಮೇಲೆ ಖಾಲಿ ಎಳೆನೀರಿನ ಕಾಯಿ ಇತ್ತು. ತುಟಿ ಹೊಳೆಯುತ್ತಿತ್ತು.

"ಏನ್ ಮಾಡಿದಿ ಚಿಕ್ಕವ್ವಾ!" ಎಂದು ಕಿರುಚಿದೆ.

"ಎಳಿನೀರು ನೀರಲ್ಲವ್ವ, ಔಷಧಿ. ಬ್ಯಾನಿ ಮನಷ್ಯಾಗ ಅದನ್ನ ಅಲ್ಲೇನು ಕೊಡದು? ಕೂಸಿನ ಬಾಯಿ ಒಣಗಿತ್ತು," ಎಂದಳು ಚಿಕ್ಕಮ್ಮ. ಹುಟ್ಟಿದಾಗಿನಿಂದ ಯಾವ ರೋಗಿಯನ್ನು ನೋಡಲು ಹೋದರೂ ಎಳೆನೀರು ಹಿಡಿದೇ ಹೋದ ಜೀವ ಅದು. ಮೂತ್ರಪಿಂಡ ಕೆಟ್ಟವರ ರಕ್ತದಲ್ಲಿ ಅದೇ ಕಾಯಿ ಹೃದಯ ನಿಲ್ಲಿಸಬಲ್ಲದು ಎಂಬ ಮಾತು ಅವಳ ಕಿವಿಯೊಳಗೆ ಇಳಿದರೆ ತಾನೆ?

ಅಕ್ಕ ನನ್ನ ಕೈ ಹಿಡಿದಳು. "ಬೈಬ್ಯಾಡ. ನಾನೇ ಕೇಳಿ ಇಸ್ಕೊಂಡೀನಿ. ಭಾಳ ದಿನಕ್ಕ ಹೊಟ್ಟಿ ತಣ್ಣಗಾತು ನೋಡು."

ಕುರುಗೋಡು ದಾಟುವಾಗ ಕೈಕಾಲು ಸೋಲುತ್ತವೆ ಎಂದಳು. ಬಳ್ಳಾರಿ ಮುಟ್ಟುವಷ್ಟರಲ್ಲಿ ಮಾತು ತೊದಲಿತ್ತು. ಆಸ್ಪತ್ರೆಯವರು ಏನೇನು ಮಾಡಬಹುದೋ ಎಲ್ಲ ಮಾಡಿದರು. ಕೆಲವು ದಿನಗಳಾದ ಮೇಲೆ ಡಾಕ್ಟರು ನಮ್ಮನ್ನು ಪಕ್ಕಕ್ಕೆ ಕರೆದು, ಹೃದಯ ಸೋತಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರು.

ಬೇವಿನ ಕೆಳಗೆ ಮಂಚ ಹಾಕಿದೆವು. ಬೆಳಗಿನ ಹೊತ್ತು, ಮಲ್ಲಿಗೆ ತುಂಬ ಮೊಗ್ಗು. ಭಾವ ಕಾಲ ಹತ್ತಿರ ಕೂತಿದ್ದರು. ಚಿಕ್ಕಮ್ಮ ಹಿತ್ತಲ ಬಾಗಿಲು ಬಿಟ್ಟು ಹತ್ತಿರ ಬರಲಿಲ್ಲ. ಹೋಗುವ ಜೀವಕ್ಕೆ ತನ್ನವರೆಲ್ಲ ಬಾಯಿಗೆ ನೀರು ಬಿಡಬೇಕೆಂಬುದು ನಮ್ಮ ಪದ್ಧತಿ. ಅವ್ವ ಚರಿಗೆ ತುಂಬ ನೀರು ತಂದಳು. ಇಷ್ಟು ದಿನ ಅವಳಿಗೆ ಒಂದು ಗುಟುಕಿಗೂ ಅಡ್ಡ ನಿಂತಿದ್ದ ನಾವೆಲ್ಲ ನೀರು ಬಿಡಲು ಸಾಲಾಗಿ ನಿಂತೆವು.

ಅವ್ವ ಬಿಟ್ಟಳು, ಭಾವ ಬಿಟ್ಟರು. ಚಮಚ ನನ್ನ ಕೈಗೆ ಬಂತು. ಚರಿಗೆಯಲ್ಲಿ ಅದ್ದಿದೆ. ಚಮಚದಲ್ಲಿ ನೀರು ಹೆಚ್ಚಾಯಿತೆಂದು ನನ್ನ ಕೈ ಅದನ್ನು ತಾನಾಗಿಯೇ ಓರೆ ಮಾಡಿ, ಒಂದಿಷ್ಟನ್ನು ಮತ್ತೆ ಚರಿಗೆಗೆ ಸುರಿಯಿತು.

ಅವ್ವ ನೋಡಿದಳು. "ಇನ್ಯಾಕವ್ವ ಅಳತಿ ಲೆಕ್ಕ? ತುಂಬ ಹಾಕು," ಎಂದಳು.

ತುಂಬ ಹಾಕಿದೆ. ನೀರು ಅಕ್ಕನ ಬಾಯಿಯ ಅಂಚಿನಿಂದ ಇಳಿದು ದಿಂಬು ತೊಯ್ಯಿತು. ಅವಳ ಗಂಟಲನ್ನೇ ನೋಡುತ್ತ ನಿಂತೆ. ಅದು ಅಲುಗಲಿಲ್ಲ.