ಸುಗಂಧಾ ಮಾವಶಿ ಕೊಟ್ಟ ಮಿಶ್ರಿ

ನಿಪ್ಪಾಣಿಯ ಆ ಹೈಸ್ಕೂಲಿನ ಗೇಟಿನಲ್ಲಿ ಮಕ್ಕಳ ಚೀಲ ನೋಡುವುದು ಸುಗಂಧಾಳ ಕೆಲಸ. ಚೀಲಕ್ಕೆ ಕೈ ಹಾಕುವ ಅಗತ್ಯ ಅವಳಿಗೆ ಹೆಚ್ಚಾಗಿ ಬೀಳುತ್ತಿರಲಿಲ್ಲ. ಜಿಪ್ಪು ಗೇಣುದ್ದ ಎಳೆಸಿ, ಬಗ್ಗಿ, ಒಂದು ಉಸಿರು ಒಳಗೆಳೆದುಕೊಂಡರೆ ಸಾಕು. ಅಪ್ಪನ ಅಂಗಿಯ ತಂಬಾಕಿನ ವಾಸನೆ ಚೀಲಕ್ಕೆ ಹತ್ತಿರುವುದು ಬೇರೆ, ಚೀಲದೊಳಗೇ ತಂಬಾಕು ಇರುವುದು ಬೇರೆ. ಎರಡನ್ನೂ ಅವಳ ಮೂಗು ತಪ್ಪಿಲ್ಲದೆ ಬೇರ್ಪಡಿಸುತ್ತಿತ್ತು. “ಮಾವಶಿ ಮೂಗಿಗೆ ಪೊಲೀಸ್ ಟೊಪ್ಪಿಗಿ ಹಾಕ್ಬೇಕಲೇ” ಎಂದು, ಅವಳನ್ನು ಮಾವಶಿ ಅಂದರೆ ಚಿಕ್ಕಮ್ಮ ಎಂದೇ ಕರೆಯುವ ಹುಡುಗರು ಸಾಲಿನಲ್ಲಿ ನಿಂತೇ ನಗುತ್ತಿದ್ದರು.

ಅವಳು ಎಂಟನೆಯ ವಯಸ್ಸಿಗೇ ಬೇಡಕಿಹಾಳದಲ್ಲಿ ಅವ್ವನ ಪಕ್ಕ ಕುಳಿತು ಬೀಡಿಯ ಬಾಯಿ ಮುಚ್ಚಲು ಕಲಿತವಳು. ವಖಾರಿಯಲ್ಲಿ, ತಂಬಾಕಿನ ಗೋದಾಮಿನಲ್ಲಿ, ಮೂಟೆ ಹೊರುವ ಭರಮುವನ್ನು ಮದುವೆಯಾಗಿ ನಿಪ್ಪಾಣಿಗೆ ಬಂದಳು. ಮದುವೆಯ ಮರುದಿನ ಬೆಳಿಗ್ಗೆ ಅತ್ತೆ ಅವಳನ್ನು ಒಲೆಯ ಮುಂದೆ ಕೂರಿಸಿ ಮಿಶ್ರಿ ಮಾಡುವುದನ್ನು ತೋರಿಸಿದಳು. ಕಬ್ಬಿಣದ ಹಂಚಿನ ಮೇಲೆ ತಂಬಾಕಿನ ಎಲೆಯನ್ನು ಕಪ್ಪಾಗುವವರೆಗೆ ಹುರಿದು, ಕುಟ್ಟಿ, ಡಬ್ಬಿಗೆ ತುಂಬುವುದು. ಬೆಳಿಗ್ಗೆ ಎದ್ದು ಹಲ್ಲಿಗೂ ವಸಡಿಗೂ ತಿಕ್ಕುವುದು. ಆ ಓಣಿಯ ಹೆಂಗಸರೆಲ್ಲ ಹಾಗೆಯೇ ಹಲ್ಲುಜ್ಜುತ್ತಿದ್ದರು. ಸುಗಂಧಾ ಕೂಡ ಹಾಗೆಯೇ ಉಜ್ಜಿದಳು, ಮೂವತ್ತೆಂಟು ವರ್ಷ. ಭರಮು ಕೆಮ್ಮಿ ಕೆಮ್ಮಿ ಹೋದ ಮೇಲೂ ಉಜ್ಜಿದಳು. ಮೊರವನ್ನು ತೊಡೆಯ ಮೇಲಿಟ್ಟು ದಿನವೆಲ್ಲ ಬೀಡಿ ಕಟ್ಟುತ್ತ ಬಗ್ಗಿ ಬಗ್ಗಿ ಸೊಂಟ ಸೆಟೆದು, ಇನ್ನು ಕೂರಲಾರೆ ಅನ್ನಿಸಿದ ವರ್ಷವೇ ಶಾಲೆಯ ಕೆಲಸ ಸಿಕ್ಕಿತು.

ಕೆಲಸ ಕೊಟ್ಟವರು ಹೆಡ್‌ಮಾಸ್ತರ ಸಂದೇಶ ಸರ್. ಎಂಟನೆಯ ತರಗತಿಯ ಹುಡುಗನೊಬ್ಬ ಗುಟ್ಕಾ ನುಂಗಿ ಮೈದಾನದಲ್ಲಿ ಬಿದ್ದಾಗ ಅವನನ್ನು ಎತ್ತಿಕೊಂಡು ದವಾಖಾನೆಗೆ ಓಡಿದವರೂ ಅವರೇ. ಅವರ ಸ್ವಂತ ಅಣ್ಣ ಬಾಯಿಯ ಕ್ಯಾನ್ಸರಾಗಿ, ಕೊನೆಯ ಎರಡು ತಿಂಗಳು ನೀರೂ ಇಳಿಯದೆ ಸತ್ತಿದ್ದ. ಹುಡುಗ ಬಿದ್ದ ಮರುವಾರವೇ ಗೇಟಿನ ಮೇಲೆ ಬೋರ್ಡು ಏರಿತು: ‘ತಂಬಾಕಿಗೆ ಶೂನ್ಯ ಸಹನೆ.’ ಯಾರ ಹತ್ತಿರ ಸಿಕ್ಕರೂ, ಎಷ್ಟು ಸಿಕ್ಕರೂ, ಕಾರಣ ಏನೇ ಇದ್ದರೂ ಅದೇ ದಿನ ಮಕ್ಕಳಿಗೆ ಟಿ.ಸಿ., ನೌಕರರಿಗೆ ಕೆಲಸದಿಂದ ಬಿಡುಗಡೆ. ಸಂಸ್ಥೆಯ ಅಧ್ಯಕ್ಷ ಕಾಕಾಸಾಹೇಬರು ಸಹಿ ಹಾಕಿದರು. ಶಾಲೆ ನಿಂತದ್ದು ಅವರ ಅಜ್ಜನ ತಂಬಾಕಿನ ವಖಾರಿಯ ಜಾಗದಲ್ಲಿ. ಬಿಸಿಲು ಕಾದರೆ ಹಿಂದಿನ ಹಳೆಯ ಗೋಡೆ ಈಗಲೂ ಘಾಟು ಬಿಡುತ್ತಿತ್ತು.

ಎರಡು ವರ್ಷದಲ್ಲಿ ಸುಗಂಧಾ ಐದು ಮಕ್ಕಳನ್ನು ಹಿಡಿದುಕೊಟ್ಟಳು. ಒಂಬತ್ತನೆಯ ತರಗತಿಯವನೊಬ್ಬನ ಕಾಲುಚೀಲದಲ್ಲಿ ಒಂದೇ ಒಂದು ಬೀಡಿ ಇತ್ತು. ಅವನು ಸೆರಗು ಹಿಡಿದು ಅತ್ತ. ಅವಳು ಸೆರಗು ಬಿಡಿಸಿಕೊಂಡು ಆಫೀಸಿಗೆ ನಡೆದಳು. ಈಗ ಅವನು ಕಬ್ಬಿನ ಟ್ರ್ಯಾಕ್ಟರಿಗೆ ಲೋಡು ತುಂಬುತ್ತಾನೆ. “ಅತ್ತರ ಅತ್ತಾನ. ನಮ್ಮ ಮನಿಯಾಂವನಂಗ ಕೆಮ್ಮಿ ಸಾಯೂದ ತಪ್ಪಿತಲ್ಲ” ಎಂದು ಓಣಿಯಲ್ಲಿ ಹೇಳಿಕೊಂಡಳು. ಹೇಳುವಾಗ ಅದನ್ನು ನಂಬಿದ್ದಳು ಕೂಡ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಸಾರಿಕಾ ಗೇಟಿಗೆ ಬಂದಳು. ಹತ್ತನೆಯ ತರಗತಿಯ ಹುಡುಗಿ. ಸುಗಂಧಾಳ ಜೊತೆ ಇಪ್ಪತ್ತು ವರ್ಷ ಬೀಡಿ ಕಟ್ಟಿದ ತುಳಸವ್ವನ ಮಗಳು. ಬಲಗೆನ್ನೆ ಊದಿತ್ತು.

“ಯಾಕಬೇ, ಮಾರಿ ಹಿಂಗ ಬಾತೈತಿ?”

“ಹಲ್ಲ ಮಾವಶಿ. ಎರಡ ದಿನಾ ಆತು, ಕಣ್ಣ ಮುಚ್ಚಿಲ್ಲ. ಇವತ್ತ ಗಣಿತ ಟೆಸ್ಟ್ ಬ್ಯಾರೆ ಐತಿ.”

“ದವಾಖಾನಿಗೆ ಹೋಗಿಲ್ಲೇನ?”

“ಐತವಾರ ಹೋಗೂಣು ಅಂದಾಳ ಅವ್ವ.”

“ನಿಮ್ಮವ್ವನ ಐತವಾರತನಾ ಹಲ್ಲ ಸುಮ್ಮಿರತೈತೇನ? ಬಾ ಇಲ್ಲೆ.”

ನಲ್ಲಿಯ ಹಿಂದೆ ಕರೆದೊಯ್ದು ಸುಗಂಧಾ ಸೊಂಟದಿಂದ ತನ್ನ ಮಿಶ್ರಿಯ ಡಬ್ಬಿ ತೆಗೆದಳು. ತನ್ನ ಹಲ್ಲು ನೊಂದಾಗ ಅತ್ತೆ ಮಾಡಿದ್ದು ಇದನ್ನೇ. ಚಿಟಿಕೆ ಪುಡಿಯನ್ನು ಹುಡುಗಿಯ ವಸಡಿಗೆ ತಾನೇ ಒತ್ತಿದಳು.

“ಥೂ, ಎಷ್ಟ ಕಹಿ ಐತಿ!”

“ಔಷಧ ಏನ ಪೇಢೆ ಇದ್ದಂಗ ಇರತೈತೇನ? ನುಂಗಬ್ಯಾಡ, ಉಗುಳು. ತಗೋ, ಇಷ್ಟ ಮಧ್ಯಾಹ್ನಕ್ಕ ಇಟ್ಕೊ.” ಕ್ಯಾಲೆಂಡರಿನ ಹಾಳೆಯ ಚೂರಿನಲ್ಲಿ ಪುಡಿ ಕಟ್ಟಿ ಕೊಟ್ಟಳು. ಸಾರಿಕಾ ಅದನ್ನು ಕಂಪಾಸ್ ಡಬ್ಬಿಯಲ್ಲಿ ಇಟ್ಟುಕೊಂಡಳು. ಸುಗಂಧಾ ಗೇಟಿಗೆ ಮರಳಿ ಉಳಿದ ಚೀಲಗಳನ್ನು ಮೂಸಿ ನೋಡಿದಳು.

ಹನ್ನೊಂದೂವರೆಗೆ ಆಫೀಸಿನಿಂದ ಕರೆ ಬಂತು. ಒಳಗೆ ಸಂದೇಶ ಸರ್ ಕುಳಿತಿದ್ದರು. ಟೆಸ್ಟಿನ ಕೋಣೆ ಕಾಯುತ್ತಿದ್ದ ನೀಲಮ ಮೇಡಮ್ ನಿಂತಿದ್ದರು. ಮೂಲೆಯಲ್ಲಿ ಸಾರಿಕಾ, ತುಟಿಯ ಅಂಚಿನಲ್ಲಿ ಕಪ್ಪು. ಅವಳ ಕಂಪಾಸ್ ಡಬ್ಬಿಯಲ್ಲಿ ಮೇಡಮ್‌ಗೆ ಸಿಕ್ಕ ಕ್ಯಾಲೆಂಡರಿನ ಚೂರು ಮೇಜಿನ ಮೇಲೆ ಬಿಚ್ಚಿಕೊಂಡಿತ್ತು.

“ಮಾವಶಿ, ನಿಮ್ಮ ಮೂಗಿಗಿಂತ ದೊಡ್ಡ ಲ್ಯಾಬ್ ನಮ್ಮ ಕಡೆ ಇಲ್ಲ. ಇದೇನ ಐತಿ ನೋಡ್ರಿ” ಎಂದರು ಸರ್.

ಸುಗಂಧಾಳಿಗೆ ನಗುವೇ ಬಂತು. ಇಷ್ಟಕ್ಕಾಗಿ ಹುಡುಗಿಯನ್ನು ಪರೀಕ್ಷೆಯಿಂದ ಎಬ್ಬಿಸಿದರೇ! “ಅಯ್ಯ, ಇದು ಮಿಶ್ರಿ ಅಲ್ಲೇನ್ರಿ ಸರ್. ಹಲ್ಲಿಗೆ ಹಚ್ಚೂದು.”

“ಯಾತರಿಂದ ಮಾಡ್ತಾರ ಇದನ್ನ?”

“ತಂಬಾಕ ಹುರದು, ಕುಟ್ಟಿ...”

ಮಾತು ಅಲ್ಲೇ ನಿಂತಿತು. ಮೂವತ್ತೆಂಟು ವರ್ಷ ಬೆರಳಲ್ಲಿ ಆಡಿದ್ದನ್ನು ಅವಳು ಆ ಹೆಸರಿನಿಂದ ಯೋಚಿಸಿದ್ದೇ ಇಲ್ಲ. ಸರ್ ರಿಜಿಸ್ಟರು ಬಿಡಿಸಿದರು. ಅದರಲ್ಲಿ ಮೂರು ಅಂಕಣ: ಯಾರ ಬಳಿ, ಏನು, ಎಷ್ಟು.

“ಎಲ್ಲಿಂದ ತಂದಿ?” ನೀಲಮ ಮೇಡಮ್ ಕೇಳಿದರು.

“ಮನ್ಯಾಗಿಂದ್ರಿ” ಎಂದಳು ಸಾರಿಕಾ. ಸುಗಂಧಾಳ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ.

ಆಗಲೇ ಹೇಳಬಹುದಿತ್ತು. ಸುಗಂಧಾಳಿಗೆ ಗೇಟಿನ ಕುರ್ಚಿ ಕಂಡಿತು, ಆ ಕುರ್ಚಿಯಲ್ಲಿ ಎಷ್ಟೋ ವರ್ಷದ ಮೇಲೆ ನೆಟ್ಟಗಾದ ತನ್ನ ಬೆನ್ನು ಕಂಡಿತು. ಅಷ್ಟರಲ್ಲಿ ಸರ್ ತುಳಸವ್ವನಿಗೆ ಹೇಳಿಕಳಿಸಿದರು.

ತುಳಸವ್ವ ಬರುವ ಹೊತ್ತಿಗೆ ಅರ್ಧ ತಾಸು ಕಳೆದಿತ್ತು. ಕೆಲಸ ಬಿಟ್ಟು ಎದ್ದು ಬಂದಿದ್ದಳು. ಸೀರೆಯ ಮಡಿಲಲ್ಲಿ ತಂಬಾಕಿನ ಧೂಳು ಹಾಗೇ ಇತ್ತು. ಒಳಗೆ ಕಾಲಿಡಲು ಹೆದರಿ ಬಾಗಿಲಲ್ಲೇ ನಿಂತಳು.

“ನಮ್ಮ ಮನ್ಯಾಗಿಂದ್ ಹೆಂಗ ತರತಾಳ್ರಿ ಸರ್? ನಮ್ಮತ್ತಿ ಸತ್ತ ಮ್ಯಾಲೆ ನಮ್ಮಲ್ಲೆ ಮಿಶ್ರಿ ಡಬ್ಬಿನ ಇಲ್ಲ. ಯಾರ ಕೊಟ್ರ ಹೇಳಬೇ ನಿನಗ?” ಸಾರಿಕಾ ತಲೆ ತಗ್ಗಿಸಿದಳು. ತುಳಸವ್ವನ ಕೈ ಊದಿದ ಕೆನ್ನೆಯ ಮೇಲೆಯೇ ಬಿತ್ತು. ಹುಡುಗಿ ಉಸಿರು ಕಟ್ಟಿ ಗೋಡೆಗೆ ಒರಗಿ ಕುಸಿದಳು.

“ಹೊಡೀಬ್ಯಾಡ ತುಳಸಾ. ನಾನ ಕೊಟ್ಟೀನಿ” ಎಂದಳು ಸುಗಂಧಾ.

ಸಂದೇಶ ಸರ್ ಪೆನ್ನು ಕೆಳಗಿಟ್ಟು ಎರಡೂ ಕೈಯಿಂದ ಮುಖ ಒರೆಸಿಕೊಂಡರು.

“ಯಾಕ ಹೇಳಿದ್ರಿ ಮಾವಶಿ? ಇನ್ನ ನಿಮ್ಮ ಹೆಸರೂ ಬರೀಬೇಕು.”

“ಬರೀರಿ. ಆಕಿ ಹೆಸರ ಹೊಡದ ಹಾಕ್ರಿ.”

“ಆಕಿದು ಹೆಂಗ ಹೊಡೀಲಿ? ಸಿಕ್ಕದ್ದು ಆಕಿ ಹತ್ರ.”

“ಹಲ್ಲ ನೋವಿಗೆ ಕೊಟ್ಟೀನ್ರಿ. ಕೂಸಿಗೆ ಏನ ಗೊತ್ತ?”

“ಕಾಲಚೀಲದಾಗ ಒಂದ ಬೀಡಿ ಇತ್ತಲ್ಲ, ಆ ಹುಡುಗನ್ನ ತಂದು ಕೊಟ್ಟವರು ನೀವ. ನಾಳೆ ಅವನ ಅಪ್ಪ ಬಂದು ಈ ಹುಡುಗಿನ್ನ ಹೆಂಗ ಬಿಟ್ಟೀರಿ ಅಂತ ಕೇಳಿದ್ರ ಏನ ಹೇಳಲಿ? ನೀವ ಹೇಳ್ರಿ.”

ಆದರೂ ಸರ್ ಅಧ್ಯಕ್ಷರಿಗೆ ಫೋನು ಹಚ್ಚಿದರು. ಹುಡುಗಿ ಜಾಣೆ, ಹತ್ತನೆಯ ತರಗತಿ, ಒಂದು ಸಲ ಬಿಡೋಣ ಎಂದು ಅವರು ಹೇಳಿದ್ದನ್ನು ಎಲ್ಲರೂ ಕೇಳಿದರು. ಕಾಕಾಸಾಹೇಬರ ದನಿಯೂ ಎಲ್ಲರಿಗೂ ಕೇಳಿಸಿತು: “ಒಬ್ಬರಿಗೆ ಬಿಟ್ಟರ ಅದು ನಿಯಮ ಹೆಂಗ ಆಕ್ಕೈತಿ ಸಂದೇಶ? ಇಬ್ಬರನೂ ಕಳಸು.”

ಪರೀಕ್ಷೆಗೆ ಹೆಸರು ಕಳಿಸಲು ಇನ್ನು ಇಪ್ಪತ್ತು ದಿನ ಇತ್ತು. ಅಷ್ಟರೊಳಗೆ ಬೇರೆ ಶಾಲೆ ಸೇರಿಸಿಕೊಂಡರೆ ಸಾರಿಕಾ ಹತ್ತನೆಯದನ್ನು ಬರೆಯಬಹುದಿತ್ತು. ತುಳಸವ್ವ ಕೆಲಸ ಬಿಡುವಂತಿರಲಿಲ್ಲ. ಸುಗಂಧಾಳ ಜೊತೆ ಮಾತನ್ನೂ ಬಿಟ್ಟಿದ್ದಳು, ಆದರೆ ಮಗಳು ಅವಳ ಜೊತೆ ಹೋಗುವುದನ್ನು ತಡೆಯಲಿಲ್ಲ. ಇಬ್ಬರೂ ಬಸ್ಸು ಹತ್ತಿ ಚಿಕ್ಕೋಡಿಗೆ ಹೋದರು, ರಾಯಬಾಗಕ್ಕೆ ಹೋದರು, ಕಾಗವಾಡದವರೆಗೂ ಹೋಗಿ ಬಂದರು. ಅಂಕಪಟ್ಟಿ ನೋಡುವಾಗ ಎಲ್ಲ ಹೆಡ್‌ಮಾಸ್ತರರ ಮುಖವೂ ಅರಳುತ್ತಿತ್ತು. ಆಮೇಲೆ ಟಿ.ಸಿ.ಯಲ್ಲಿ ನಡತೆಯ ಸಾಲು ಬರುತ್ತಿತ್ತು: ‘ತಂಬಾಕು ಇಟ್ಟುಕೊಂಡದ್ದಕ್ಕಾಗಿ ಬಿಡುಗಡೆ.’ ಒಬ್ಬರು ಕನ್ನಡಕ ತೆಗೆದು ಹುಡುಗಿಯನ್ನು ಮೇಲಿನಿಂದ ಕೆಳಗೆ ನೋಡಿದರು. ಇನ್ನೊಬ್ಬರು ಮೆಲ್ಲಗೆ, “ನಮ್ಮಲ್ಲೂ ಅದ ಬೋರ್ಡ್ ಐತ್ರಿ, ಏನ ಮಾಡೂಣು” ಎಂದರು. ಪ್ರತಿಯೊಂದು ಕಡೆಯೂ ಸುಗಂಧಾ, “ತಪ್ಪ ನಂದ್ರಿ, ನಾ ಕೊಟ್ಟೀನಿ” ಎಂದು ಮೊದಲಿನಿಂದ ಹೇಳುತ್ತಿದ್ದಳು. ಮೂರನೆಯ ಶಾಲೆಯಲ್ಲಿ ಸಾರಿಕಾ ಅವಳ ತೋಳು ಹಿಡಿದಳು. “ಸಾಕ ಮಾವಶಿ. ಬಸ್ ಹೋಗತೈತಿ.”

ಚಿಕ್ಕೋಡಿಗೆ ಹೋದ ದಿನ ಸರಕಾರಿ ದವಾಖಾನೆಯಲ್ಲಿ ಹಲ್ಲು ಕೀಳಿಸಿದರು. ಆ ಅಲೆದಾಟದಲ್ಲಿ ಆದ ಕೆಲಸ ಅದೊಂದೇ.

ಇಪ್ಪತ್ತು ದಿನ ಮುಗಿದವು, ಮೇಲೆ ಇನ್ನೊಂದು ವಾರವೂ ಕಳೆಯಿತು. ಸುಗಂಧಾ ಬೀಡಿ ಕಟ್ಟುವ ಹಳೆಯ ಪಡಸಾಲೆಗೆ ಮರಳಿದಳು. ಅವಳ ಜಾಗಕ್ಕೆ ಬೇರೆಯವಳು ಬಂದಿದ್ದಳು. ಕಿಟಕಿಯ ಹತ್ತಿರ ಸ್ವಲ್ಪ ತೆರವು ಕಂಡು ಅಲ್ಲಿ ಕುಳಿತಳು. ಮಗ್ಗುಲಲ್ಲೇ ತುಳಸವ್ವ, ಅವಳ ಆಚೆ ಸಾರಿಕಾ, ತೊಡೆಯ ಮೇಲೆ ಮೊರ. ಹುಡುಗಿ ಎಲೆಯನ್ನು ಅಳತೆಗೆ ಕತ್ತರಿಸಿ, ತಂಬಾಕು ಹರಡಿ, ಸುರುಳಿ ಸುತ್ತಿ, ಬಾಯಿ ಮುಚ್ಚಿ ಪಕ್ಕಕ್ಕಿಡುತ್ತಿದ್ದಳು. ಒಂದೂ ಸಡಿಲವಿರಲಿಲ್ಲ.

“ನೋಡ್ರೆ, ಎಂಟ ದಿನದಾಗ ಎಷ್ಟ ಚಂದ ಕೈ ಬಂತ ಹುಡುಗಿಗೆ!” ಎಂದಳು ಎದುರಿನ ಸಾಲಿನ ಗಿರಿಜವ್ವ. “ಗಣಿತ ಕಲತ ಕೈ, ಬೆರಳಿಗೇ ಲೆಕ್ಕ ಗೊತ್ತ.”

ಹೆಂಗಸರು ನಕ್ಕರು. ಹೊಗಳಿಕೆಗೆ ಸಾರಿಕಾಳ ಮುಖವೂ ಒಂದಿಷ್ಟು ಅರಳಿತು. ಸುಗಂಧಾ ಅದನ್ನು ನೋಡಿದಳು. ಕೈಯಲ್ಲಿದ್ದ ಎಲೆ ಅಲ್ಲೇ ಹರಿಯಿತು.

“ಸರದ ಕುಂದ್ರು” ಎಂದಳು ತುಳಸವ್ವ. ಆ ದಿನದಿಂದೀಚೆಗೆ ಸುಗಂಧಾಳೊಡನೆ ಅವಳಾಡಿದ ಮೊದಲ ಮಾತು ಅದು. “ಹುಡುಗಿಗೆ ಬೆಳಕ ಬೀಳವಲ್ದು.”

ಸುಗಂಧಾ ಮೊರ ಎತ್ತಿಕೊಂಡು ಗೋಡೆಯ ಕಡೆಗೆ ಸರಿದು ಕುಳಿತಳು.